ಕಸಿಕಟ್ಟಿದ ಹೃದಯ

ಪಾಠ: ಯೆಹೆಜ್ಕೇಲನ ಗ್ರಂಥ, 36ನೆಯ ಅಧ್ಯಾಯ, 26ನೆಯ ವಚನ



ದೇವಜನರು ಬಾಬೆಲಿನಲ್ಲಿ ಸೆರೆಯಾಗಿದ್ದ ಕಾಲದಲ್ಲಿ ಯೆಹೆಜ್ಕೇಲ ಪ್ರವಾದಿಯು ಅವರಿಗೆ ಆಶ್ಚರ್ಯವಾದ ಒಂದು ವಾಗ್ದಾನವನ್ನು ತಿಳಿಸಿದನು. ಕರ್ತನು ತನ್ನ ಜನರ ಎದೆಯೊಳಗಿನ ಕಲ್ಲನ್ನು ತೆಗೆದುಬಿಟ್ಟು, ಅದರ ಸ್ಥಳದಲ್ಲಿ ಮಿಡಿಯುವಂಥ, ಮರುಗುವಂಥ ಹೃದಯವನ್ನು ಇಡುವನೆಂಬದೇ ಅದರ ಸಾರ. ಪ್ರವಾದಿಯು ಇದನ್ನು ಸಾಮ್ಯವಾಗಿ ಹೇಳಿದನು. ಮನುಷ್ಯನ ಎದೆಯನ್ನು ತೆರೆದು ಹೃದಯವನ್ನು ತೆಗೆದು ಮತ್ತೊಂದನ್ನು ಇಡುವದನ್ನು ಆ ಕಾಲದವರು ಯಾರೂ ಕಂಡಿರಲಿಲ್ಲ. ಅದಾಗಬಹುದೆಂದು ನೆನಸಿರಲೂ ಇಲ್ಲ. ಆದರೆ 1967ನೆಯ ಇಸವಿಯಿಂದೀಚೆಗೆ ಇದು ವೈದ್ಯರ ಕೈಯಿಂದ ನಡೆಯುತ್ತಾ ಬಂದಿದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಹೃದಯ ಕಸಿ ಎಂದು ಹೆಸರಾಯಿತು. ಮಾವಿನ ಗಿಡಕ್ಕೆ ಒಳ್ಳೆಯ ಜಾತಿಯ ಕಡ್ಡಿಯನ್ನು ಕಸಿಕಟ್ಟುವದನ್ನು ಕಂಡವರಾದ ನಮಗೆ ಈ ಹೆಸರೇ ಒಂದು ಪ್ರಸಂಗದಂತಿದೆ.

ವೈದ್ಯನ ಕತ್ತಿಯಿಂದ ಹೊಸ ಜನ್ಮವಾಗುತ್ತದೆಂದು ನಾವು ಹೇಳುವದಿಲ್ಲ. ಶರೀರದ ಹೃದಯ ಬೇರೆ, ಆತ್ಮದ ಹೃದಯ ಬೇರೆ. ಆದರೂ ಬಿತ್ತುವವನಿಂದಲೂ ದ್ರಾಕ್ಷೇ ಬಳ್ಳಿಯಿಂದಲೂ ಹಿಟ್ಟಿನ ಹುಳಿಯಿಂದಲೂ ನಮ್ಮ ಕರ್ತನು ಪಾಠ ಹೇಳಿದ್ದರಿಂದ, ನಾವೂ ಕಣ್ಣ ಮುಂದಿನ ಸಂಗತಿಯಿಂದ ಕಲಿಯಬಹುದು. ಆದಕಾರಣ ಈ ತಿಂಗಳು, ಮತ್ತೊಬ್ಬನ ಹೃದಯದಿಂದ 17 ತಿಂಗಳು ಬದುಕಿದ ಒಬ್ಬ ಪಾದ್ರಿಯನ್ನೂ ಬೋಧಕನನ್ನೂ ನೆನಪುಮಾಡಿಕೊಳ್ಳೋಣ.

ಅವರ ಹೆಸರು ದಮಿಯನ್ ಬೂಲೋನ್. ಫ್ರಾನ್ಸ್ ದೇಶದವರು, 1911ರಲ್ಲಿ ಹುಟ್ಟಿದವರು. ಅವರು ರೋಮನ್ ಕಥೋಲಿಕ ಸಭೆಗೆ ಸೇರಿದವರು, ದೊಮಿನಿಕ್ ಎಂಬವನು ಸ್ಥಾಪಿಸಿದ ಬೋಧಕರ ಸಂಘದ ಪಾದ್ರಿ. ನಮ್ಮ ಸಭೆಯವರಲ್ಲದಿದ್ದರೂ ಅವರ ನೆನಪಿನಿಂದ ಪ್ರಯೋಜನ ಹೊಂದುವದಕ್ಕೆ ನಮಗೆ ಅಡ್ಡಿಯಿಲ್ಲ; ಸಮಾರ್ಯದವನಿಂದ ಕಲಿಯಿರೆಂದು ಯೆಹೂದ್ಯರಿಗೆ ಹೇಳಿದವನ ಶಿಷ್ಯರಲ್ಲವೋ ನಾವು? ಓದುವದೂ ಬೋಧಿಸುವದೂ ಬರೆಯುವದೂ ಅವರ ಜೀವಮಾನದ ಕೆಲಸವಾಗಿತ್ತು. ಥಾಮಸ್ ಆಕ್ವಿನಾಸನೆಂಬ ಪುರಾತನ ವೇದಪಂಡಿತನ ಕುರಿತು ಅವರು ಗ್ರಂಥ ಬರೆದರು. 57ನೆಯ ವಯಸ್ಸಿಗೆ ಬಂದಾಗ ಅವರ ಹೃದಯವು ಕೆಟ್ಟು, ಯಾವ ಔಷಧಕ್ಕೂ ಬಗ್ಗದ ಸ್ಥಿತಿಗೆ ಮುಟ್ಟಿತು.

1968ನೆಯ ಇಸವಿ ಮೇ ತಿಂಗಳ 12ನೆಯ ತಾರೀಖು ಭಾನುವಾರ. ಪ್ಯಾರಿಸ್ ನಗರವು ಆಗ ಗಲಭೆಯಲ್ಲಿತ್ತು. ಎರಡು ರಾತ್ರಿಗಳ ಹಿಂದೆ ವಿದ್ಯಾರ್ಥಿಗಳು ಬೀದಿಯ ಕಲ್ಲುಗಳನ್ನು ಕಿತ್ತು ಅಡ್ಡಗೋಡೆಗಳನ್ನು ಕಟ್ಟಿ ಪೊಲೀಸರೊಂದಿಗೆ ಹೋರಾಡಿದ್ದರು. ಮಾರನೆಯ ದಿನ ದೇಶದ ಕೆಲಸಗಾರರೆಲ್ಲರೂ ಮುಷ್ಕರ ಹೂಡುವವರಿದ್ದರು. ಹೀಗೆ ಹೊರಗೆ ಕಲ್ಲು ಹಾರುತ್ತಿರುವ ದಿನಗಳಲ್ಲಿ ಬ್ರೂಸೇ ಎಂಬ ಆಸ್ಪತ್ರೆಯೊಳಗೆ ಶಾರ್ಲ್ ದ್ಯುಬೋ ಎಂಬ ಶಸ್ತ್ರವೈದ್ಯನೂ ಅವನ ಸಂಗಡಿಗರೂ ಈ ಪಾದ್ರಿಯ ಎದೆಯನ್ನು ತೆರೆದು, ಸತ್ತುಹೋಗಿದ್ದ ಮತ್ತೊಬ್ಬನ ಹೃದಯವನ್ನು ಅದರಲ್ಲಿ ಇಟ್ಟು ಹೊಲಿದರು. ಅದೇ ನಗರದಲ್ಲಿ ಎರಡು ವಾರಗಳ ಹಿಂದೆ, ಏಪ್ರಿಲ್ 27ರಂದು, ಇಂಥ ಚಿಕಿತ್ಸೆ ಹೊಂದಿದ ಮೊದಲನೆಯ ರೋಗಿಯು ಮೂರು ದಿವಸ ಸಹ ಉಳಿದಿರಲಿಲ್ಲ. ಪಾದ್ರಿ ಬೂಲೋನರಾದರೋ ಉಳಿದರು. ಆಸ್ಪತ್ರೆಯನ್ನು ಬಿಟ್ಟು ಮತ್ತೆ ಜನರ ನಡುವೆ ಬಂದರು, ಮಾತಾಡಿದರು, ಬೋಧಿಸಿದರು. ದೇಶವೆಲ್ಲಾ ಅವರ ಹೆಸರನ್ನು ಅರಿತುಕೊಂಡಿತು. 1969ನೆಯ ಇಸವಿ ಅಕ್ಟೋಬರ್ 17ರಂದು ಅವರು ತೀರಿಹೋದರು.

ಈ ಸಂಗತಿಯಿಂದ ನಾವು ನಾಲ್ಕು ಮಾತುಗಳನ್ನು ಕಲಿಯೋಣ.

ಮೊದಲನೆಯದಾಗಿ, ಹೊಸ ಹೃದಯವು ದಾನವೇ ಹೊರತು ಸಂಪಾದನೆಯಲ್ಲ. ಹೊಲವನ್ನು ದುಡಿದು ಕೊಳ್ಳಬಹುದು, ಮನೆಯನ್ನು ಸಾಲಮಾಡಿ ಕಟ್ಟಬಹುದು. ಹೃದಯವನ್ನು ಯಾವ ಸಂತೆಯಲ್ಲಿಯೂ ಕೊಳ್ಳಲಾಗದು. ಅದು ಮತ್ತೊಬ್ಬನ ಮರಣದಿಂದಲೇ ಬರಬೇಕು. ಲೋಕದಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲು ಹೃದಯ ಕಸಿಮಾಡಿದ್ದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ, 1967ನೆಯ ಇಸವಿ ಡಿಸೆಂಬರ್ 3ರಂದು. ಡೆನಿಸ್ ಡಾರ್ವಲ್ ಎಂಬ 25 ವರುಷದ ಯುವತಿಯು ತನ್ನ ತಾಯಿಯ ಸಂಗಡ ಅಂಗಡಿಗೆ ಹೋಗಿ ರಸ್ತೆ ದಾಟುವಾಗ ಮೋಟಾರು ಬಡಿಯಿತು. ತಾಯಿ ಅಲ್ಲಿಯೇ ಸತ್ತಳು. ಮಗಳ ಮಿದುಳು ತಿರುಗಿ ಸರಿಯಾಗದಂತೆ ಜಜ್ಜಿಹೋಯಿತು. ವೈದ್ಯರು ಅವಳ ತಂದೆಯ ಬಳಿಗೆ ಹೋಗಿ ಹೃದಯವನ್ನು ಕೇಳಿದರು. ಒಂದೇ ದಿನದಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳಕೊಂಡ ಆ ಮನುಷ್ಯನು ಕೆಲವೇ ನಿಮಿಷ ಯೋಚಿಸಿ, ಆಗಲಿ ಎಂದನು. ಆ ಹೃದಯವನ್ನು ಹೊಂದಿದ ಲೂಯಿ ವಾಶ್ಕಾನ್‌ಸ್ಕಿ ಎಂಬವನು 18 ದಿನ ಬದುಕಿದನು.

ಪ್ರಿಯರೇ, ಆ ತಂದೆಯನ್ನು ನೆನಸಿರಿ. ಮಗುವನ್ನು ಮಣ್ಣಿಗೆ ಕೊಡುವ ದುಃಖವೇನೆಂದು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆ ದುಃಖದ ಮಧ್ಯದಲ್ಲಿ, ಹಿಂದೆಂದೂ ಕಂಡರಿಯದ ಒಬ್ಬನಿಗೋಸ್ಕರ ಅವನು ಕೈಬಿಚ್ಚಿದನು. ಇದನ್ನು ಕಂಡಾಗ ಏಕಕುಮಾರನನ್ನು ಕೊಟ್ಟ ಮತ್ತೊಬ್ಬ ತಂದೆಯ ನೆನಪು ಬಾರದಿದ್ದೀತೇ? ಆದರೆ ಅಲ್ಲಿ ಒಂದು ಭೇದವುಂಟು. ಡಾರ್ವಲನ ಮಗಳು ಆಕಸ್ಮಿಕವಾಗಿ ಸತ್ತಳು. ನಮ್ಮ ಕರ್ತನು ತಾನೇ ಮನಸ್ಸುಮಾಡಿ ಪ್ರಾಣ ಕೊಟ್ಟನು. ಡಾರ್ವಲನಿಗೆ ಆ ರೋಗಿಯು ಪರನು ಮಾತ್ರ. ದೇವರಿಗೆ ನಾವು ವೈರಿಗಳಾಗಿದ್ದೆವು. ಹೀಗಿರಲಾಗಿ ನಮ್ಮಲ್ಲಿ ಯಾವನು ತನ್ನ ರಕ್ಷಣೆಯನ್ನು ಕುರಿತು ಹೊಗಳಿಕೊಳ್ಳಬಹುದು?

ಎರಡನೆಯದಾಗಿ, ಹೃದಯಕ್ಕೆ ಕುಲವಿಲ್ಲ. 1968ನೆಯ ಇಸವಿ ಜನವರಿ 2ರಂದು ಅದೇ ಕೇಪ್‌ಟೌನಿನಲ್ಲಿ ಎರಡನೆಯ ಕಸಿ ನಡೆಯಿತು. ಆಗ ಆ ದೇಶದಲ್ಲಿ ವರ್ಣಭೇದದ ಕಾನೂನು ಇತ್ತು. ಬಿಳಿಯರಿಗೆ ಬೇರೆ ಕೇರಿ, ಬೇರೆ ಶಾಲೆ, ಬೇರೆ ಬಂಡಿ. ಸಮುದ್ರತೀರದಲ್ಲಿ ಕೂರುವದಕ್ಕೆ ಸಹ ಬೇರೆ ಸ್ಥಳ. ಮಿಶ್ರವರ್ಣದವನಾದ ಕ್ಲೈವ್ ಹಾಪ್ಟ್ ಎಂಬ 24 ವರುಷದ ಯುವಕನು ಹೊಸ ವರುಷದ ದಿನ ತೀರದಲ್ಲಿ ಬಿದ್ದು ಮಿದುಳಿನ ರಕ್ತಸ್ರಾವದಿಂದ ಸತ್ತನು. ಅವನ ಹೃದಯವನ್ನು ಫಿಲಿಪ್ ಬ್ಲೈಬರ್ಗ್ ಎಂಬ ಬಿಳಿಯ ದಂತವೈದ್ಯನಿಗೆ ಇಟ್ಟರು. ಬದುಕಿದ್ದಾಗ ಇವರಿಬ್ಬರೂ ಒಂದೇ ಬೀದಿಯಲ್ಲಿ ಮನೆಮಾಡುವದಕ್ಕೆ ಕಾನೂನು ಬಿಡುತ್ತಿರಲಿಲ್ಲ. ಆದರೆ ಒಬ್ಬನ ಹೃದಯವು ಮತ್ತೊಬ್ಬನ ಎದೆಯಲ್ಲಿ 19 ತಿಂಗಳು ಬಡಿಯಿತು. ಇವೆರಡು ಕಸಿಗಳನ್ನೂ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್ ಎಂಬ ವೈದ್ಯನ ತಂದೆಯು ಬೋಫೋರ್ಟ್ ವೆಸ್ಟ್ ಎಂಬ ಊರಿನಲ್ಲಿ ಮಿಶ್ರವರ್ಣದವರ ಮಿಶನ್ ಸಭೆಗೆ ಪಾಲಕನಾಗಿದ್ದನು.

ನಮ್ಮ ಸೀಮೆಯನ್ನೇ ನೋಡಿರಿ. ಊರಿಗೊಂದು ಬಾವಿ ಕೇರಿಗೊಂದು ಬಾವಿ ಎಂಬ ಏರ್ಪಾಟಿನಲ್ಲಿ ನಮ್ಮ ಹಿರಿಯರು ಬಾಳಿದರು. ದೂರ ನಿಂತು ಬೊಗಸೆಯಲ್ಲಿ ನೀರು ಕುಡಿದ ಅಜ್ಜ ಅಜ್ಜಿಯರ ಮೊಮ್ಮಕ್ಕಳು ನಮ್ಮ ಸಭೆಗಳಲ್ಲಿ ಕುಳಿತಿದ್ದಾರೆ. ಹೃದಯವನ್ನು ಇಡುವ ವೈದ್ಯನು ಏನು ಕೇಳುತ್ತಾನೆ? ರಕ್ತದ ಗುಂಪು ಹೊಂದುವದೋ, ಕೊಡುವವನ ಮತ್ತು ಪಡೆಯುವವನ ಮೈಯ ಅಳತೆ ತೂಕ ಸರಿಹೋಗುವದೋ ಎಂದು ಕೇಳುತ್ತಾನೆ. ಯಾವ ಕೇರಿಯವನು, ಯಾವ ಒಳಪಂಗಡದವನು ಎಂದು ಅವನ ಯಂತ್ರಗಳಲ್ಲಿ ಒಂದೂ ತೋರಿಸಲಾರದು. ದೇವರು ಹಾಗೆ ನಿರ್ಮಿಸಲಿಲ್ಲವಾದ್ದರಿಂದ ಅದು ಕಾಣಿಸುವದಿಲ್ಲ. ಇದನ್ನು ಕೇಳಿ ನಾವು ಸಂತೋಷಪಡುತ್ತೇವೆ. ಆದರೆ ಸಂತೋಷಪಟ್ಟ ಬಾಯಿಂದಲೇ, ಮಗಳ ಮದುವೆಯ ಮಾತು ಬಂದಾಗ, ಅವರು ಕರ್ತನ ಜನರು ಹೌದು, ಆದರೂ ನಮ್ಮವರಲ್ಲ ಎಂದು ಹೇಳುವದುಂಟು. ಮೇಲಿನವರು ನಮ್ಮ ಮೇಲೆ ಹೊರಿಸಿದ ನೊಗವನ್ನು ನಾವು ನಮಗಿಂತ ಕೆಳಗೆಂದು ಎಣಿಸಿದವರ ಮೇಲೆ ಹೊರಿಸಿದರೆ, ಎದೆಯ ಕಲ್ಲು ಇನ್ನೂ ಅಲ್ಲಿಯೇ ಇದೆಯೆಂದು ತಿಳಿಯಬೇಕು.

ಮೂರನೆಯದಾಗಿ, ಇಟ್ಟ ಹೃದಯವನ್ನು ದಿನದಿನವೂ ಕಾಯಬೇಕು. ಈ ಚಿಕಿತ್ಸೆಯಲ್ಲಿ ಹೊಲಿಗೆಗಿಂತ ಕಠಿಣವಾದದ್ದು ಮುಂದಿನ ದಿನಗಳೇ. ನಮ್ಮ ಶರೀರಕ್ಕೆ ದೇವರು ಕಾವಲುಗಾರರನ್ನು ಇಟ್ಟಿದ್ದಾನೆ; ಹೊರಗಿನಿಂದ ಬಂದ ರೋಗಬೀಜವನ್ನು ಅವರು ಗುರುತಿಸಿ ಹೊಡೆಯುತ್ತಾರೆ. ಆ ಕಾವಲುಗಾರರು ಹೊಸ ಹೃದಯವನ್ನೂ ಪರದೇಶಿಯೆಂದೇ ಎಣಿಸಿ ಅದರ ಮೇಲೆ ಬೀಳುತ್ತಾರೆ. ಬದುಕಿಸುವದಕ್ಕೆ ಬಂದದ್ದನ್ನೇ ಶರೀರವು ಹಗೆಮಾಡುತ್ತದೆ. 1968ನೆಯ ಒಂದೇ ವರುಷದಲ್ಲಿ ಲೋಕದಲ್ಲಿ ನೂರಕ್ಕೂ ಹೆಚ್ಚು ಕಸಿಗಳು ನಡೆದವು. ಹೊಂದಿದವರಲ್ಲಿ ಹೆಚ್ಚಿನವರು ಕೆಲವು ವಾರ ತಿಂಗಳುಗಳಲ್ಲಿ ಸತ್ತರು. ನಮ್ಮ ದೇಶದಲ್ಲಿಯೂ ಅದೇ ವರುಷದ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಡಾಕ್ಟರ್ ಪಿ. ಕೆ. ಸೇನರು ಪ್ರಯತ್ನಿಸಿದರು, ರೋಗಿಯು ಕೆಲವು ತಾಸುಗಳಲ್ಲಿ ತೀರಿಹೋದನು. ಅನೇಕ ಆಸ್ಪತ್ರೆಗಳು ಈ ಕೆಲಸವನ್ನೇ ಕೈಬಿಟ್ಟವು.

ಮುಂದೆ ಸಹಾಯವು ಮಣ್ಣಿನಿಂದ ಬಂತು. ನಾರ್ವೆ ದೇಶದ ಮಣ್ಣಿನಲ್ಲಿ ದೊರೆತ ಒಂದು ಬೂಷ್ಟಿನಿಂದ ಸೈಕ್ಲೊಸ್ಪೋರಿನ್ ಎಂಬ ಔಷಧವನ್ನು ತೆಗೆದರು. 1980ರ ದಶಕದಿಂದ ಅದು ಬಳಕೆಗೆ ಬಂದು, ಶರೀರದ ಕಾವಲುಗಾರರನ್ನು ಅಡಗಿಸಿ ಹೃದಯವನ್ನು ಉಳಿಸುವದಕ್ಕೆ ನೆರವಾಯಿತು. ಈಗ ಹತ್ತು ವರುಷ, ಅದಕ್ಕೂ ಮೇಲೆ ಬದುಕುವವರು ಬಹು ಮಂದಿ. ನಮ್ಮ ದೇಶದಲ್ಲಿ ಮೊದಲು ಸಫಲವಾದ ಹೃದಯ ಕಸಿಯನ್ನು 1994ನೆಯ ಇಸವಿ ಆಗಸ್ಟ್ 3ರಂದು ದಿಲ್ಲಿಯಲ್ಲಿ ಡಾಕ್ಟರ್ ವೇಣುಗೋಪಾಲರು ಮಾಡಿದರು. ಆದರೆ ಔಷಧವನ್ನು ಒಮ್ಮೆ ತಿಂದರೆ ಸಾಲದು. ಮೈ ಚೆನ್ನಾಗಿದೆಯೆಂದು ಬಿಡುವದಕ್ಕಿಲ್ಲ, ಹಬ್ಬವೆಂದು ಬಿಡುವದಕ್ಕಿಲ್ಲ. ಬೆಳಿಗ್ಗೆ ಸಾಯಂಕಾಲ, ಬದುಕಿರುವ ತನಕ ತೆಗೆದುಕೊಳ್ಳಬೇಕು.

ತೋಟಗಾರನಿಗೂ ಈ ಮರ್ಮ ಗೊತ್ತು. ಕಸಿಕಟ್ಟಿದ ಮಾವಿನ ಗಿಡದಲ್ಲಿ ಕಟ್ಟಿನ ಕೆಳಗಿನ ಹಳೆಯ ಬುಡವು ಚಿಗುರುತ್ತಲೇ ಇರುತ್ತದೆ. ಆ ಚಿಗುರನ್ನು ಮುರಿಯದೆ ಬಿಟ್ಟರೆ ಅದೇ ಬೆಳೆದು ಮರವಾಗಿ, ಕಟ್ಟಿದ ಒಳ್ಳೆಯ ಕಡ್ಡಿಯು ಸೊರಗಿ ಒಣಗುತ್ತದೆ. ಹಾಗೆಯೇ ದೀಕ್ಷಾಸ್ನಾನದ ದಿನ ನಮ್ಮ ಹಳೆಯ ಮನುಷ್ಯನು ಊರು ಬಿಟ್ಟು ಹೋದನೆಂದು ನೆನಸಬೇಡಿರಿ. ಕುಡಿತ, ಹೊಡೆದಾಟ, ಅಣ್ಣತಮ್ಮಂದಿರ ಹೊಲದ ಬದುವಿನ ಜಗಳ, ಹೆಂಡತಿಯ ಮೇಲೆ ಕೈಮಾಡುವದು, ಇವೆಲ್ಲಾ ಕಟ್ಟಿನ ಕೆಳಗಿನ ಚಿಗುರುಗಳು. ದಿನದಿನದ ಪ್ರಾರ್ಥನೆಯೂ ವೇದಪಾಠವೂ ಕರ್ತನ ಮೇಜಿನ ಸಹವಾಸವೂ ಅವನ್ನು ಮುರಿಯುವ ಕೈಗಳು.

ಇದರೊಂದಿಗೆ ಮತ್ತೊಂದು ವಿಷಯವನ್ನು ತಿಳಿಯುವದು ಒಳ್ಳೆಯದು. ಹೃದಯವನ್ನು ಕಸಿಮಾಡುವಾಗ ರಕ್ತನಾಳಗಳನ್ನು ಹೊಲಿಯಬಹುದು; ನರಗಳನ್ನು ಹೊಲಿಯಲಾಗದು. ಆದದರಿಂದ ಹೊಸ ಹೃದಯಕ್ಕೆ ಮಿದುಳಿನ ಅಪ್ಪಣೆಯು ಕೂಡಲೇ ಮುಟ್ಟುವದಿಲ್ಲ. ಅಂಥವನು ಮೇಲುಕೋಟೆಯ ಬೆಟ್ಟದ ಮೆಟ್ಟಲುಗಳನ್ನು ಹತ್ತಬೇಕಾದರೆ ಮೆಲ್ಲಗೆ ಹೊರಡಬೇಕು; ರಕ್ತದಲ್ಲಿ ಬರುವ ರಸಗಳು ಹೃದಯವನ್ನು ಎಬ್ಬಿಸುವ ತನಕ ತಾಳಬೇಕು. ತಾಳಿದರೆ ಅವನೂ ತುದಿ ಮುಟ್ಟುತ್ತಾನೆ. ಹೊಸದಾಗಿ ಸಭೆಗೆ ಬಂದವನು ನಿನ್ನಂತೆ ಓಡಲಿಲ್ಲವೆಂದು ದೂರುವ ಹಿರಿಯನೇ, ಅವನಿಗೆ ಸಮಯ ಕೊಡು. ಅವನ ಹೃದಯವು ಹೊಸದು, ಓಟಕ್ಕೆ ಇನ್ನೂ ಒಗ್ಗಬೇಕು.

ನಾಲ್ಕನೆಯದಾಗಿ, ದೊರೆತ ದಿನಗಳು ಲೆಕ್ಕಕ್ಕೆ ಸೇರಿದವುಗಳು. ಮನುಷ್ಯನ ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಸಾರಿ ಬಡಿಯುತ್ತದೆ. ಪಾದ್ರಿ ಬೂಲೋನರ ಎದೆಯಲ್ಲಿ ಪರನ ಹೃದಯವು 520ಕ್ಕೂ ಹೆಚ್ಚು ದಿನ, ಅಂದರೆ ಐದು ಕೋಟಿಗೂ ಮೇಲೆ ಬಡಿದಿರಬೇಕು. ಆ ಒಂದೊಂದು ಬಡಿತವೂ ಸಾಲವೇ. ಕೊಟ್ಟವನು ಸತ್ತದ್ದರಿಂದ ತೀರಿಸಲಾಗದ ಸಾಲ. ಬೋಧಕನಾಗಿದ್ದವರು ಬೋಧಕರಾಗಿಯೇ ಆ ದಿನಗಳನ್ನು ಕಳೆದರು. ಅವರ ಗ್ರಂಥಗಳಿಗಿಂತ ಅವರ ಉಸಿರಾಟವೇ ಹೆಚ್ಚು ಮಂದಿಗೆ ಪಾಠವಾಯಿತು. 17 ತಿಂಗಳು ಸ್ವಲ್ಪವೆಂದು ನಾವು ಹೇಳೇವು. ಆದರೆ ನಮಗೆಷ್ಟು ತಿಂಗಳು ಕೊಡಲ್ಪಟ್ಟಿವೆ? ಪಾಂಡವಪುರ ಸೀಮೆಯ ಕ್ಯಾತನಹಳ್ಳಿಯವರೂ ರೈತರ ಮುಖಂಡರೂ ಆಗಿದ್ದ ಕೆ. ಎಸ್. ಪುಟ್ಟಣ್ಣಯ್ಯನವರು 2018ನೆಯ ಇಸವಿ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುವದಕ್ಕೆ ಹೋಗಿದ್ದಾಗಲೇ ಹೃದಯಾಘಾತದಿಂದ ತೀರಿಹೋದದ್ದನ್ನು ಈ ಸೀಮೆಯವರು ಮರೆತಿಲ್ಲ. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿದವನು ಸಾಯಂಕಾಲ ಇರುವನೆಂದು ಯಾರು ಹೇಳಬಲ್ಲರು? ನಮ್ಮ ಸ್ವಂತ ಹೃದಯವೂ ಕೊಟ್ಟ ದಾನವೇ ಹೊರತು ನಮ್ಮ ಕೈಕೆಲಸವಲ್ಲ.

ಪ್ರಿಯರೇ, ಈಗ ಕೆಲಸದ ಮಾತಿಗೆ ಬರೋಣ. ಮೈಸೂರಿನಿಂದ ಬೆಂಗಳೂರಿಗೆ ಶ್ರೀರಂಗಪಟ್ಟಣ ಮಂಡ್ಯಗಳ ಬದಿಯಲ್ಲಿ ಹಾಯುವ ಹೆದ್ದಾರಿಯಲ್ಲಿ, ಜೀರೋ ಟ್ರಾಫಿಕ್ ಎಂದು ಪತ್ರಿಕೆಗಳು ಬರೆಯುವಂತೆ, ಪೊಲೀಸರು ಬಂಡಿಗಳನ್ನು ತಡೆದು ಆಂಬುಲೆನ್ಸಿಗೆ ದಾರಿ ಬಿಡಿಸುವದನ್ನು ಕೇಳಿದ್ದೀರಿ. ಎದೆಯಿಂದ ತೆಗೆದ ಹೃದಯವು ಮಂಜಿನ ಪೆಟ್ಟಿಗೆಯಲ್ಲಿ ನಾಲ್ಕು ತಾಸು ಮಾತ್ರ ಕೆಡದೆ ಇರುವದಾದ್ದರಿಂದಲೇ ಆ ಅವಸರ. ಹಾಗೆ ಹೋಗುವ ಒಂದೊಂದು ಪೆಟ್ಟಿಗೆಯ ಹಿಂದೆ, ಆಸ್ಪತ್ರೆಯ ಮೂಲೆಯಲ್ಲಿ ಅಳುತ್ತಾ ಒಪ್ಪಿಗೆಯ ಕಾಗದಕ್ಕೆ ರುಜುಹಾಕಿದ ತಾಯಿಯೋ ತಂದೆಯೋ ಹೆಂಡತಿಯೋ ಇದ್ದಾರೆ. ಆ ಪ್ರಶ್ನೆ ನಿಮ್ಮ ಮುಂದೆಯೂ ಬಂದೀತು. ಬಂದಾಗ ಯೋಚಿಸುವದಕ್ಕೆ ಬಹಳ ಹೊತ್ತಿರುವದಿಲ್ಲ.

ಇನ್ನೂ ಜೀವವಿರುವಾಗಲೇ ಕೊಯ್ಯುವರೋ ಎಂದು ಕೆಲವರು ಹೆದರುತ್ತಾರೆ. ನಮ್ಮ ದೇಶದ 1994ನೆಯ ಇಸವಿಯ ಕಾಯಿದೆಯ ಪ್ರಕಾರ, ನಾಲ್ಕು ಮಂದಿ ವೈದ್ಯರು ಮಿದುಳು ಸಂಪೂರ್ಣ ಸತ್ತಿದೆಯೆಂದು, ಆರು ತಾಸಿಗೆ ಕಡಿಮೆಯಿಲ್ಲದ ಅಂತರದಲ್ಲಿ ಎರಡು ಸಾರಿ ಪರೀಕ್ಷಿಸಿ ಬರೆದುಕೊಡಬೇಕು. ಮನೆಯವರ ಒಪ್ಪಿಗೆಯೂ ಬೇಕು. ಅಂಗವನ್ನು ಮಾರುವದೂ ಕೊಳ್ಳುವದೂ ಅಪರಾಧ. ಬಡವನ ಮೂತ್ರಪಿಂಡಕ್ಕೆ ಬೆಲೆಕಟ್ಟಿ ಮೋಸಮಾಡಿದ ದಲ್ಲಾಳಿಗಳು ನಮ್ಮ ರಾಜ್ಯದಲ್ಲಿಯೂ ಇದ್ದರು. ಆದಕಾರಣ ಸಾಲ ತೀರುತ್ತದೆಂದು ಯಾರಾದರೂ ಆಶೆ ತೋರಿಸಿದರೆ ಕಿವಿಗೊಡಬೇಡಿರಿ. ಸರಕಾರದ ಜೀವಸಾರ್ಥಕತೆ ಎಂಬ ಸಂಸ್ಥೆಯ ಮೂಲಕ ಈ ದಾನಗಳು ಹಂಚಲ್ಪಡುತ್ತವೆ.

ಬೇರೆ ಕೆಲವರು, ಅಂಗವಿಲ್ಲದ ದೇಹವನ್ನು ಹೂಣಿಟ್ಟರೆ ಪುನರುತ್ಥಾನದ ದಿನದಲ್ಲಿ ಹೇಗೆ ಏಳುವದು ಎಂದು ಕೇಳುತ್ತಾರೆ. ಬೆಂಕಿಯಲ್ಲಿ ಸುಡಲ್ಪಟ್ಟ ರಕ್ತಸಾಕ್ಷಿಗಳೂ ಸಮುದ್ರದಲ್ಲಿ ಮುಳುಗಿದ ಭಕ್ತರೂ ಏಳುವದಿಲ್ಲವೋ? ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯವನ್ನು ಓದಿರಿ. ಅಲ್ಲಿ ಅವನು ಬೀಜದ ಮಾತನ್ನೇ ಹೇಳುತ್ತಾನೆ. ಒಟ್ಲಿನಲ್ಲಿ ಚೆಲ್ಲಿದ ಭತ್ತವು ಮಣ್ಣಿನಲ್ಲಿ ಕರಗಿದರೂ ಹಸುರು ಪೈರು ಏಳುವದು. ಕಾಳು ಇಡಿಯಾಗಿ ಉಳಿಯಲೆಂದು ಡಬ್ಬಿಯಲ್ಲಿ ಮುಚ್ಚಿಟ್ಟ ರೈತನು ಏನು ಕೊಯ್ಯುವನು? ಮಣ್ಣಿನಿಂದ ನಮ್ಮನ್ನು ಮಾಡಿದವನಿಗೆ ಒಂದು ಹೃದಯವನ್ನು ಮತ್ತೆ ಕೊಡುವದು ಕಷ್ಟವಲ್ಲ.

ಕೊಡಲೇಬೇಕೆಂದು ಯಾರನ್ನೂ ಒತ್ತಾಯಪಡಿಸುವದಕ್ಕೆ ಈ ಮಾತಲ್ಲ. ಒತ್ತಾಯದಿಂದ ಕೊಟ್ಟದ್ದು ದಾನವಾಗದು. ಆದರೆ ಭಯದಿಂದಲೂ ಅಜ್ಞಾನದಿಂದಲೂ ಕೈಮುಚ್ಚುವದು ಬೇಡ. ಈ ವಾರ ಊಟವಾದ ಮೇಲೆ ಮನೆಯವರೆಲ್ಲರೂ ಕೂಡಿ ಇದನ್ನು ಮಾತಾಡಿರಿ. ಮನೆಯಲ್ಲಿ ಸತ್ತವನು ಹೃದಯವನ್ನು ಕೊಡಲಾರನು, ಕಣ್ಣುಗಳನ್ನು ಕೊಡಬಹುದು. ಮರಣವಾದ ಆರು ತಾಸಿನೊಳಗೆ ಸುದ್ದಿ ಮುಟ್ಟಿದರೆ ಅವು ಕುರುಡನಿಗೆ ಬೆಳಕಾಗುತ್ತವೆ. ನಿಮ್ಮ ಮನಸ್ಸನ್ನು ಮಕ್ಕಳಿಗೆ ಮುಂಚೆಯೇ ತಿಳಿಸಿದ್ದರೆ, ಆ ಕತ್ತಲೆಯ ಹೊತ್ತಿನಲ್ಲಿ ಅವರ ಭಾರವು ಹಗುರವಾಗುವದು.

ಬದುಕಿರುವವರು ಕೊಡಬಹುದಾದ ಹೃದಯವೂ ಒಂದುಂಟು. ಅದನ್ನು ಕೊಡುವದಕ್ಕೆ ಆಸ್ಪತ್ರೆ ಬೇಡ, ರುಜು ಬೇಡ. ಪಕ್ಕದ ಮನೆಯ ವಿಧವೆಯ ಕಬ್ಬು ಗಾಣಕ್ಕೆ ಹೋಗದೆ ಒಣಗುತ್ತಿದ್ದರೆ ಬಂಡಿ ಕಟ್ಟಿರಿ. ಮಾತುಬಿಟ್ಟ ತಮ್ಮನ ಜಗಲಿಯ ಮೇಲೆ ಮೊದಲು ನೀವು ಹೋಗಿ ಕೂತುಕೊಳ್ಳಿರಿ. ಕಲ್ಲು ಹೋಗಿ ಹೃದಯ ಬಂದಿದೆಯೆಂಬದಕ್ಕೆ ಊರಿನವರು ಕೇಳುವ ಗುರುತು ಅದೇ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಿನ್ನ ಕುಮಾರನ ಮರಣದಿಂದ ನಮಗೆ ಜೀವ ಕೊಟ್ಟಿದ್ದೀ. ಪರರ ಹೃದಯದಿಂದ ಬದುಕಿ ನಿನ್ನ ವಾಕ್ಯವನ್ನು ಸಾರಿದ ನಿನ್ನ ದಾಸನಿಗೋಸ್ಕರ ನಿನಗೆ ಸ್ತೋತ್ರ. ದುಃಖದ ಮಧ್ಯದಲ್ಲಿ ತಮ್ಮವರ ಅಂಗಗಳನ್ನು ಕೊಟ್ಟ ಮನೆಯವರೆಲ್ಲರನ್ನು ಸಂತೈಸು. ಆಸ್ಪತ್ರೆಗಳಲ್ಲಿ ಹೃದಯಕ್ಕೋಸ್ಕರ ಕಾಯುತ್ತಿರುವವರನ್ನು ಬಲಪಡಿಸು. ನಮ್ಮ ಎದೆಯ ಕಲ್ಲನ್ನು ತೆಗೆದುಬಿಡು. ನೀನು ಕಸಿಕಟ್ಟಿದ್ದನ್ನು ನಾವು ತಳ್ಳಿಬಿಡದಂತೆ ದಿನದಿನವೂ ನಮ್ಮನ್ನು ಕಾಯಿ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.